ಆನ್ಸನ್: ಹಡಗಿನಲ್ಲಿ ಕಂಡದ್ದನ್ನು ಕಚೇರಿಯಲ್ಲಿ ತಿದ್ದಿದ ಅಡ್ಮಿರಲ್

ಜಾರ್ಜ್ ಆನ್ಸನ್ ಹೆಸರು ಎತ್ತಿದರೆ ಸಾಕು, ನನ್ನ ತರಗತಿಯ ಹುಡುಗರು ಮೊದಲು ಕೇಳುವುದು ಬೆಳ್ಳಿಯ ಬಗ್ಗೆ. ಸ್ಪೇನಿನ ನಿಧಿ ಹಡಗನ್ನು ಹಿಡಿದವನು ಅವನೇ ತಾನೇ ಸರ್, ಎಷ್ಟು ಸಿಕ್ಕಿತು, ಯಾರಿಗೆ ಎಷ್ಟು ಪಾಲು ಬಂತು. ಕೇಳಲಿ, ತಪ್ಪೇನಿಲ್ಲ. ಆದರೆ ವರ್ಷಗಟ್ಟಲೆ ಸರಕು ಹಡಗುಗಳಲ್ಲಿ ಕೆಲಸ ಮಾಡಿ ಈಗ ಡೆಕ್ ಕೆಡೆಟ್‌ಗಳಿಗೆ ಪಾಠ ಹೇಳುವ ನನಗೆ ಈ ಮನುಷ್ಯ ಮುಖ್ಯ ಅನಿಸುವುದು ಬೇರೆ ಕಾರಣಕ್ಕೆ. ಹಡಗಿನಲ್ಲಿ ಕಷ್ಟ ಪಟ್ಟವರು ಲಕ್ಷಾಂತರ ಜನ ಇದ್ದಾರೆ. ಆ ಕಷ್ಟ ಯಾಕೆ ಬಂತು ಅಂತ ನೆನಪಿಟ್ಟುಕೊಂಡು, ಮುಂದೆ ಅಧಿಕಾರದ ಕುರ್ಚಿ ಸಿಕ್ಕಾಗ ಅದರ ಬೇರಿಗೇ ಕೈ ಹಾಕಿದವರು ತುಂಬಾ ಕಡಿಮೆ.

ಆನ್ಸನ್ ಹುಟ್ಟಿದ್ದು 1697ರಲ್ಲಿ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಶಗ್‌ಬರೋ ಎಂಬಲ್ಲಿ. 1712ರಲ್ಲಿ ನೌಕಾಪಡೆ ಸೇರಿದಾಗ ಇನ್ನೂ ಹದಿನೈದು ತುಂಬಿರಲಿಲ್ಲ. ಸಂಬಂಧಿ ಥಾಮಸ್ ಪಾರ್ಕರ್ ಆಮೇಲೆ ದೇಶದ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಮುಖ್ಯಸ್ಥ ಆದರು, ಆ ಬೆಂಬಲ ಹುಡುಗನಿಗೆ ಇತ್ತು. ಆ ಕಾಲದಲ್ಲಿ ಶಿಫಾರಸು ಇಲ್ಲದೆ ಯಾರೂ ಮೇಲೆ ಬರುತ್ತಿರಲಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಕ್ಯಾಪ್ಟನ್ ಆದಮೇಲೆ ಬಹಳ ವರ್ಷ ಅಮೆರಿಕದ ಸೌತ್ ಕೆರೊಲಿನಾ ಕರಾವಳಿ ಕಾಯುವ ಕೆಲಸ. ಅಲ್ಲಿನ ಚಾರ್ಲ್ಸ್‌ಟನ್ ಊರಿನಲ್ಲಿ ಇವತ್ತಿಗೂ ಆನ್ಸನ್‌ಬರೋ ಅನ್ನುವ ಬಡಾವಣೆ ಇದೆ.

ನಿಜವಾದ ಕಥೆ ಶುರುವಾಗುವುದು 1740ರಲ್ಲಿ. ಸ್ಪೇನಿನ ಜೊತೆ ಯುದ್ಧ. ದಕ್ಷಿಣ ಅಮೆರಿಕದ ತುದಿ ಸುತ್ತಿ ಹೋಗಿ ಪೆಸಿಫಿಕ್ ಕಡೆಯ ಸ್ಪೇನಿನ ಊರುಗಳ ಮೇಲೆ ಬೀಳಬೇಕು ಅಂತ ಆನ್ಸನ್‌ಗೆ ಆದೇಶ ಬಂತು. ಆರು ಯುದ್ಧ ಹಡಗು: ಸೆಂಚುರಿಯನ್, ಗ್ಲಾಸ್ಟರ್, ಸೆವರ್ನ್, ಪರ್ಲ್, ವೇಜರ್, ಟ್ರಯಲ್. ಜೊತೆಗೆ ಎರಡು ಸರಕಿನ ಹಡಗು. ಹಡಗು ಸಿಕ್ಕಿತು, ಜನ ಸಿಗಲಿಲ್ಲ. ಸೈನಿಕರು ಬೇಕು ಅಂದಾಗ ಸರ್ಕಾರ ಕೊಟ್ಟದ್ದು ಚೆಲ್ಸಿ ಆಸ್ಪತ್ರೆಗೆ ಸೇರಿದ 500 ಪಿಂಚಣಿದಾರರನ್ನು. ಹಳೆಯ ಯುದ್ಧಗಳಲ್ಲಿ ಗಾಯಗೊಂಡವರು, ಮುದುಕರು, ಕಾಯಿಲೆಯವರು. ಕಾಲಲ್ಲಿ ಶಕ್ತಿ ಇದ್ದವರೆಲ್ಲ ಹಡಗು ಹತ್ತುವ ಮೊದಲೇ ಓಡಿಹೋದರು. ಹತ್ತಿದವರು 259 ಜನ, ಅವರಲ್ಲಿ ಬಹುಪಾಲು ಅರವತ್ತು ದಾಟಿದವರು, ಕೆಲವರು ಎಪ್ಪತ್ತೂ ದಾಟಿದವರು. ಓಡಿಹೋದವರ ಜಾಗಕ್ಕೆ ಬಂದದ್ದು ಬಂದೂಕು ಹಾರಿಸುವುದನ್ನೇ ಇನ್ನೂ ಕಲಿಯದ ಹೊಸ ಮರೀನ್ ಹುಡುಗರು, ಅಂದರೆ ಹಡಗಿನ ಸೈನಿಕರು.

ಇವತ್ತು ಒಬ್ಬ ಕೆಡೆಟ್ ಹಡಗು ಹತ್ತಬೇಕಾದರೆ ಮೆಡಿಕಲ್ ಸರ್ಟಿಫಿಕೇಟ್ ಇಲ್ಲದೆ ಸೈನ್ ಆನ್ ಆಗುವುದಿಲ್ಲ. ಕಣ್ಣು, ಕಿವಿ, ರಕ್ತ ಎಲ್ಲ ನೋಡುತ್ತಾರೆ. ನಮ್ಮ ಹುಡುಗರಿಗೆ ಅದು ಸುಮ್ನೆ ಒಂದು ತಲೆನೋವು ಅನಿಸುತ್ತದೆ. ಆ ಮುದುಕರನ್ನು ಹಗ್ಗದ ಏಣಿಯ ಮೇಲೆ ಹತ್ತಿಸಿ ಭೂಮಿ ಸುತ್ತೋಕೆ ಕಳಿಸಿದ್ದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅವರಲ್ಲಿ ಬಹುತೇಕ ಯಾರೂ ಮನೆಗೆ ವಾಪಸ್ ಬರಲಿಲ್ಲ.

ಜನ ಹೊಂದಿಸುವುದರಲ್ಲೇ ತಿಂಗಳುಗಳು ಕಳೆದು, ಹೊರಟದ್ದು ಸೆಪ್ಟೆಂಬರ್ 18ಕ್ಕೆ. ಹೀಗಾಗಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಭೂಶಿರ ಮುಟ್ಟುವ ಹೊತ್ತಿಗೆ 1741ರ ಮಾರ್ಚ್, ಅಂದರೆ ಅಲ್ಲಿ ಬೇಸಿಗೆ ಮುಗಿದು ಕೆಟ್ಟ ಕಾಲ ಶುರು. ಪಶ್ಚಿಮದಿಂದ ಬೀಸುವ ಬಿರುಗಾಳಿ, ಎದುರಿಗೆ ಬರುವ ಸಾಗರದ ಹರಿವು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಧ್ಯಾಹ್ನದ ಸೂರ್ಯನ ಎತ್ತರ ಅಳೆದರೆ ಅಕ್ಷಾಂಶ ಸಿಗುತ್ತದೆ, ಅದು ಆಗಲೂ ಗೊತ್ತಿತ್ತು. ರೇಖಾಂಶಕ್ಕೆ ನಿಖರವಾದ ಗಡಿಯಾರ ಬೇಕು, ಅದು ಇರಲಿಲ್ಲ. ಹಡಗಿನ ವೇಗ, ದಿಕ್ಕು, ಕಳೆದ ಹೊತ್ತು ಇಟ್ಟುಕೊಂಡು ಲೆಕ್ಕ ಹಾಕುವುದೊಂದೇ ದಾರಿ. ನಾವು ಇವತ್ತಿಗೂ ಡಿ.ಆರ್. (ಡೆಡ್ ರೆಕನಿಂಗ್) ಅಂತ ಕಲಿಸುವುದು ಅದನ್ನೇ. ಆದರೆ ಕೆಳಗೆ ನೀರೇ ಹಡಗನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಆ ಲೆಕ್ಕ ಪೂರ್ತಿ ಕೆಡುತ್ತದೆ. ಭೂಶಿರ ದಾಟಿ ಸಾಕಷ್ಟು ಪಶ್ಚಿಮಕ್ಕೆ ಬಂದಾಯಿತು ಅಂತ ಆನ್ಸನ್ ಉತ್ತರಕ್ಕೆ ತಿರುಗಿದ. ಏಪ್ರಿಲ್ ಮಧ್ಯದ ಒಂದು ರಾತ್ರಿ ಮೋಡ ಸರಿದು ಬೆಳದಿಂಗಳು ಬಂದಾಗ, ಮುಂದೆ ಇದ್ದ ಆನಾ ಎಂಬ ಸರಕಿನ ಹಡಗಿನವರಿಗೆ ಎದುರಿಗೇ ನೆಲ ಕಂಡಿತು. ಚಂದ್ರ ಕಾಣದಿದ್ದರೆ ಇಡೀ ಪಡೆ ಬಂಡೆಗೆ ಬಡಿದು ಚೂರಾಗುತ್ತಿತ್ತು.

ಸಂಕಟ ತರುವ ವಿಷಯ ಇನ್ನೊಂದಿದೆ. ಜಾನ್ ಹ್ಯಾರಿಸನ್ ಮಾಡಿದ ಮೊದಲ ಸಾಗರ ಗಡಿಯಾರವನ್ನು 1736ರಲ್ಲಿ ಪರೀಕ್ಷೆಗೆ ಅಂತ ಲಿಸ್ಬನ್‌ಗೆ ಒಯ್ದದ್ದು ಇದೇ ಸೆಂಚುರಿಯನ್ ಹಡಗು. ಮರುವರ್ಷ ಆನ್ಸನ್ ಕೈಗೆ ಬಂದದ್ದು ಹಡಗು ಮಾತ್ರ.

ಅಷ್ಟರಲ್ಲಿ ಸ್ಕರ್ವಿ ಹಬ್ಬಿತ್ತು. ತಾಜಾ ಹಣ್ಣು ತರಕಾರಿ ಇಲ್ಲದೆ ಸಿ ವಿಟಮಿನ್ ಮುಗಿದರೆ ದೇಹದ ಅಂಗಾಂಶ ಹಿಡಿದಿಡುವ ಕೊಲ್ಯಾಜನ್ ಹುಟ್ಟುವುದು ನಿಲ್ಲುತ್ತದೆ. ಒಸಡು ಕೊಳೆಯುತ್ತದೆ, ಚರ್ಮದ ಕೆಳಗೆ ರಕ್ತ ಸೋರುತ್ತದೆ, ವಾಸಿಯಾದ ಗಾಯ ಮತ್ತೆ ಬಾಯಿ ಬಿಡುತ್ತದೆ. ಸೆಂಚುರಿಯನ್‌ನಲ್ಲಿದ್ದ ಒಬ್ಬ ಮುದುಕ 1690ರ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದ. ಐವತ್ತು ವರ್ಷದ ಹಿಂದೆ ಮಾಗಿದ ಆ ಗಾಯ ಏನೂ ಮಾಗೇ ಇರಲಿಲ್ಲ ಅನ್ನುವ ಹಾಗೆ ತೆರೆದುಕೊಂಡಿತು. ಕೂಡಿಕೊಂಡಿದ್ದ ಮೂಳೆ ಮತ್ತೆ ಬಿಟ್ಟುಹೋಯಿತು. ಏಪ್ರಿಲ್ ಒಂದೇ ತಿಂಗಳಲ್ಲಿ ಆ ಹಡಗಿನಲ್ಲಿ 43 ಜನ ಸತ್ತರು, ಮೇ ತಿಂಗಳಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು.

ಚಿಲಿಯ ಪಶ್ಚಿಮಕ್ಕೆ ಪೆಸಿಫಿಕ್‌ನಲ್ಲಿರುವ ಹುವಾನ್ ಫೆರ್ನಾಂಡೆಸ್ ದ್ವೀಪ ತಲುಪಿದರೆ ಬದುಕು ಅಂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ನೀರು, ಸೊಪ್ಪು, ಮೀನು ಎಲ್ಲ ಇತ್ತು. ಅಕ್ಷಾಂಶ ಸರಿಯಾಗಿಯೇ ಸಿಕ್ಕಿತು, ಆದರೆ ದ್ವೀಪ ಎಡಕ್ಕೋ ಬಲಕ್ಕೋ ಗೊತ್ತಾಗಲಿಲ್ಲ. ಪಶ್ಚಿಮಕ್ಕೆ ಹೋಗುತ್ತಿದ್ದವನು ಅನುಮಾನ ಬಂದು ಪೂರ್ವಕ್ಕೆ ತಿರುಗಿಸಿದ, ಚಿಲಿಯ ತೀರ ಕಂಡಿತು, ಮತ್ತೆ ಅದೇ ದಾರಿ ವಾಪಸ್. ಇನ್ನು ಕೆಲವೇ ಗಂಟೆ ಮುಂದೆ ಹೋಗಿದ್ದರೆ ದ್ವೀಪ ಮೊದಲೇ ಸಿಗುತ್ತಿತ್ತು. ಹೀಗೆ ಹೋಗಿ ಬಂದ ದಿನಗಳಲ್ಲಿ ಎಪ್ಪತ್ತೆಂಬತ್ತು ಜನ ಸತ್ತರು. ಜೂನ್‌ನಲ್ಲಿ ಲಂಗರು ಹಾಕುವ ಹೊತ್ತಿಗೆ ಒಂದು ವಾಚ್‌ಗೆ, ಅಂದರೆ ಒಂದು ಪಾಳಿಗೆ, ಕೆಲಸ ಮಾಡಬಲ್ಲ ನಾವಿಕರು ಆರಕ್ಕಿಂತ ಜಾಸ್ತಿ ಇರಲಿಲ್ಲ. ಹಡಗು ನಡೆಸಿದ ಯಾರನ್ನಾದರೂ ಕೇಳಿ, 60 ತೋಪಿನ ಹಾಯಿ ಹಡಗನ್ನು ಆರು ಜನರ ಕೈಯಲ್ಲಿ ನಡೆಸುವುದು ಅಂದರೆ ಏನು ಅಂತ ಹೇಳುತ್ತಾರೆ.

ಸೆವರ್ನ್, ಪರ್ಲ್ ಹಿಂದಿರುಗಿದ್ದವು. ವೇಜರ್ ಮೇ 14ರಂದು ಚಿಲಿಯ ತೀರದಲ್ಲಿ ಬಂಡೆಗೆ ಬಡಿಯಿತು. ದಡ ಸೇರಿದ ನಾವಿಕರು ಕ್ಯಾಪ್ಟನ್ ಮಾತು ಕೇಳಲಿಲ್ಲ, ದಂಗೆ ಎದ್ದರು, ಅವನನ್ನು ಬಿಟ್ಟು ಹೋದರು. ಅವರ ವಾದ ಏನಾಗಿತ್ತು ಗೊತ್ತಾ? ಹಡಗು ಒಡೆದ ದಿನದಿಂದ ನಮಗೆ ಸಂಬಳ ಇಲ್ಲ, ಸಂಬಳ ಕೊಡದ ಮೇಲೆ ನಮ್ಮ ಮೇಲೆ ಅಧಿಕಾರ ಎಲ್ಲಿಂದ ಬಂತು? ಆಗಿನ ನಿಯಮ ಹಾಗೇ ಇತ್ತು.

ಮುಂದಿನದು ಎಲ್ಲರಿಗೂ ಇಷ್ಟವಾಗುವ ಭಾಗ, ನಾನು ಬೇಗ ಮುಗಿಸುತ್ತೇನೆ. ಪೆರುವಿನ ಪಾಯ್ತಾ ಊರನ್ನು ಲೂಟಿ ಮಾಡಿ ಸುಟ್ಟರು. ಪೆಸಿಫಿಕ್ ದಾಟುವಾಗ ಗ್ಲಾಸ್ಟರ್ ಉಳಿಯುವುದಿಲ್ಲ ಅಂತಾಗಿ ಅದನ್ನು ತಾವೇ ಸುಟ್ಟರು. ಉಳಿದದ್ದು ಸೆಂಚುರಿಯನ್ ಒಂದೇ. 1743ರ ಜೂನ್ 20ರಂದು ಫಿಲಿಪ್ಪೀನ್ಸ್ ಬಳಿ ಕೊವಡೋಂಗ ಎಂಬ ಸ್ಪೇನಿನ ನಿಧಿ ಹಡಗು ಒಂದೂವರೆ ಗಂಟೆಯ ಕಾಳಗದಲ್ಲಿ ಸಿಕ್ಕಿತು. ಅದರಲ್ಲಿ 13 ಲಕ್ಷಕ್ಕೂ ಹೆಚ್ಚು ಬೆಳ್ಳಿ ನಾಣ್ಯ. 1744ರ ಜೂನ್‌ನಲ್ಲಿ ಊರಿಗೆ ಬಂದಾಗ 32 ಬಂಡಿಗಳಲ್ಲಿ ಲಂಡನ್ ಬೀದಿಯಲ್ಲಿ ಮೆರವಣಿಗೆ. ಹೊರಟವರು ಸುಮಾರು 1,900 ಜನ, ಸತ್ತವರು 1,300ಕ್ಕೂ ಹೆಚ್ಚು. ಶತ್ರುವಿನ ಗುಂಡಿಗೆ ಸತ್ತವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ವಾಪಸ್ ಬಂದವನಿಗೆ ರಿಯರ್ ಅಡ್ಮಿರಲ್ ಪದವಿ ಕೊಟ್ಟರು. ಬೇಡ ಅಂದ. ಯಾನದ ನಡುವೆ ತನ್ನ ಲೆಫ್ಟಿನೆಂಟ್ ಪಿಯರ್ಸಿ ಬ್ರೆಟ್‌ಗೆ ಕ್ಯಾಪ್ಟನ್ ಹುದ್ದೆ ಕೊಟ್ಟಿದ್ದ, ಅದನ್ನು ನೌಕಾಪಡೆಯ ಆಡಳಿತ ನೋಡುವ ಅಡ್ಮಿರಾಲ್ಟಿ ಒಪ್ಪಿರಲಿಲ್ಲ. ನನ್ನ ಹುಡುಗನಿಗೆ ಇಲ್ಲದ ಬಡ್ತಿ ನನಗೂ ಬೇಡ ಅನ್ನುವುದು ಅವನ ನಿಲುವು. ಕೈಕೆಳಗಿನವರ ಪರವಾಗಿ ಹೀಗೆ ನಿಂತ ಕ್ಯಾಪ್ಟನ್ ಅಂದರೆ ನನಗೆ ತುಂಬಾ ಗೌರವ. ಕೆಲವೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಬ್ರೆಟ್ ಬಡ್ತಿ ಒಪ್ಪಿಗೆಯಾಯಿತು. ಅದೇ ವರ್ಷ ಆನ್ಸನ್ ಹೆಡನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದ, ಡಿಸೆಂಬರ್‌ನಲ್ಲಿ ಅಡ್ಮಿರಾಲ್ಟಿ ಮಂಡಳಿಯಲ್ಲೂ ಕೂತ. ಭಾಷಣ ಅವನಿಗೆ ಒಗ್ಗುತ್ತಿರಲಿಲ್ಲ, ಮಾತೇ ಕಡಿಮೆ. ಅವನ ರಾಜಕೀಯ ನಡೆದದ್ದು ಕಡತ, ನೇಮಕಾತಿ, ನಿಯಮಗಳ ಮೂಲಕ. 1748ರಲ್ಲಿ ಲಾರ್ಡ್ ಚಾನ್ಸಲರ್ ಹಾರ್ಡ್‌ವಿಕ್‌ನ ಮಗಳನ್ನು ಮದುವೆಯಾದದ್ದು ಆ ಕೆಲಸಕ್ಕೆ ದೊಡ್ಡ ಬಲವಾಯಿತು.

ಮಧ್ಯೆ ಒಮ್ಮೆ ಮತ್ತೆ ಸಮುದ್ರಕ್ಕೆ ಹೋದ. 1747ರ ಮೇ 3ರಂದು ಫಿನಿಸ್ಟೆರ್ ಭೂಶಿರದ ಬಳಿ ಫ್ರೆಂಚ್ ಬೆಂಗಾವಲು ಪಡೆಯನ್ನು ಸೋಲಿಸಿ ಹಿಡಿದ, ಲಾರ್ಡ್ ಪದವಿ ಬಂತು. ಇದರಲ್ಲಿ ನಮಗೂ ಸಂಬಂಧ ಇದೆ. ಆ ಫ್ರೆಂಚ್ ಹಡಗುಗಳಲ್ಲಿ ಕೆಲವು ಕೆನಡಾಕ್ಕೆ, ಕೆಲವು ಭಾರತಕ್ಕೆ ಹೊರಟಿದ್ದವು. ಹಿಂದಿನ ವರ್ಷವಷ್ಟೇ ಫ್ರೆಂಚರು ಮದ್ರಾಸನ್ನು ಹಿಡಿದಿದ್ದರು, ಪಾಂಡಿಚೇರಿಯಲ್ಲಿ ಡೂಪ್ಲೆ ಇದ್ದ. ಶಾಲೆಯಲ್ಲಿ ನಾವು ಓದಿದ ಕರ್ನಾಟಿಕ್ ಯುದ್ಧಗಳಲ್ಲಿ ನೆಲದ ಮೇಲಿನ ಕಾಳಗವೇ ತುಂಬಿತ್ತು, ಅಲ್ವಾ? ಯೂರೋಪಿನ ಕಡಲಿನಲ್ಲಿ ಹೀಗೆ ತಡೆದ ಹಡಗುಗಳ ಲೆಕ್ಕವನ್ನೂ ಅದರ ಪಕ್ಕದಲ್ಲಿ ಇಟ್ಟು ಓದಬೇಕು.

1751ರಲ್ಲಿ ಫಸ್ಟ್ ಲಾರ್ಡ್, ಅಂದರೆ ಅಡ್ಮಿರಾಲ್ಟಿಯ ಮುಖ್ಯಸ್ಥ. ಅದಕ್ಕೂ ಮೊದಲೇ ಕೆಲಸ ಶುರುವಾಗಿತ್ತು. ಹಡಗು ಒಡೆದ ಮೇಲೂ ನಾವಿಕರಿಗೆ ಸಂಬಳ, ಅವರ ಮೇಲೆ ಶಿಸ್ತು ಎರಡೂ ಮುಂದುವರಿಯಬೇಕು ಅಂತ ಕಾನೂನು ಬಂತು. ವೇಜರ್ ಹಡಗಿನ ಕಥೆಗೆ ಇದೇ ಉತ್ತರ. ಹಡಗು ಮುಳುಗಿದರೆ ನಾವಿಕನಿಗೆ ಪರಿಹಾರ ಕೊಡಬೇಕು ಅಂತ ಈಗಿನ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದಲ್ಲೂ ಇದೆ, ಅದನ್ನು ಪಾಠ ಮಾಡುವಾಗ ನಾನು ವೇಜರ್‌ನಿಂದಲೇ ಶುರು ಮಾಡುತ್ತೇನೆ. ಮರೀನ್ ಸೈನಿಕರನ್ನು 1755ರಲ್ಲಿ 50 ಕಂಪನಿಗಳಾಗಿ ಅಡ್ಮಿರಾಲ್ಟಿಯ ಕೈಕೆಳಗೇ ತಂದರು. ಭೂಸೇನೆ ಬೇಡವೆಂದು ಬಿಟ್ಟವರನ್ನು ತುಂಬಿಕೊಳ್ಳುವ ಪಾಡು ತಪ್ಪಿತು.

ಬಡ್ತಿಯ ಸಮಸ್ಯೆ ಇನ್ನೂ ಗಂಟಾಗಿತ್ತು. ಕ್ಯಾಪ್ಟನ್ ಆದವನು ಸೇವಾ ಹಿರಿತನದ ಮೇಲೇ ಅಡ್ಮಿರಲ್ ಆಗಬೇಕು. ಚುರುಕಾದ ಒಬ್ಬನನ್ನು ಮೇಲೆ ತರಬೇಕಾದರೆ ಅವನಿಗಿಂತ ಹಿರಿಯರೆಲ್ಲರನ್ನೂ ಮೊದಲು ಅಡ್ಮಿರಲ್ ಮಾಡಬೇಕು. 1747ರಲ್ಲಿ ಮಂಡಳಿ ದಾರಿ ಹುಡುಕಿತು: ಹಿರಿಯರಿಗೆ ಅಡ್ಮಿರಲ್ ಪದವಿಯ ಜೊತೆ ಪಿಂಚಣಿ, ಹಡಗು ಮಾತ್ರ ಇಲ್ಲ. ಯಾರ ಮರ್ಯಾದೆಯೂ ಹೋಗದೆ ದಾರಿ ತೆರೆಯಿತು. 1740ರ ಯಾನದಲ್ಲಿ ಅವನ ಜೊತೆಗಿದ್ದ ಸಾಂಡರ್ಸ್, ಕೆಪೆಲ್, ಹೋವ್ ಮೂವರೂ ಮುಂದೆ ಫಸ್ಟ್ ಲಾರ್ಡ್ ಆದರು. ಹಡಗು ಕಟ್ಟುವ ವಿಭಾಗಕ್ಕೆ ಥಾಮಸ್ ಸ್ಲೇಡ್‌ನನ್ನು ತಂದದ್ದೂ ಆನ್ಸನ್ ಕಾಲದಲ್ಲೇ. ಮರ ಕೊರೆಯುವ ಹುಳ ತಡೆಯಲು ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ಹಾಳೆ ಹೊಡೆದು ನೋಡಿದ್ದು 1761ರಲ್ಲಿ.

ಎಲ್ಲವೂ ಒಳ್ಳೆಯದೇ ಆಗಲಿಲ್ಲ. 1749ರಲ್ಲಿ ಅದೇ ಮಂಡಳಿ ಯುದ್ಧ ನಿಯಮಗಳನ್ನು ಬಿಗಿ ಮಾಡಿತು. ಶತ್ರುವಿನ ಎದುರು ತನ್ನ ಕೈಲಾದಷ್ಟೂ ಮಾಡದ ಅಧಿಕಾರಿಗೆ ಮರಣದಂಡನೆ, ಬೇರೆ ಶಿಕ್ಷೆ ಕೊಡುವ ಅವಕಾಶ ನ್ಯಾಯಾಧೀಶರಿಗೆ ಇಲ್ಲ. 1756ರಲ್ಲಿ ಮಿನೋರ್ಕಾ ದ್ವೀಪ ಉಳಿಸಲು ಅಡ್ಮಿರಲ್ ಜಾನ್ ಬಿಂಗ್‌ನನ್ನು ಜನ ಸಾಲದ ಹತ್ತು ಹಡಗು ಕೊಟ್ಟು ಕಳಿಸಿದರು. ತಡವಾಗಿ ಕಳಿಸಿದರು, ಕಡಿಮೆ ಕೊಟ್ಟರು. 1740ರಲ್ಲಿ ತನಗೆ ಆದದ್ದನ್ನೇ ಆನ್ಸನ್ ಇನ್ನೊಬ್ಬನಿಗೆ ಮಾಡಿದ. ದ್ವೀಪ ಹೋಯಿತು. ಬಿಂಗ್ ಹೇಡಿಯಲ್ಲ ಅಂತ ನ್ಯಾಯಮಂಡಳಿಯೇ ಹೇಳಿತು, ಆದರೂ ಕೈಲಾದಷ್ಟು ಮಾಡಲಿಲ್ಲ ಅಂತ ಕಂಡದ್ದರಿಂದ ಮರಣದಂಡನೆ ಬಿಟ್ಟು ಬೇರೆ ದಾರಿ ಇರಲಿಲ್ಲ. ದಯೆ ತೋರಿಸಿ ಅಂತ ಅವರೇ ಬೇಡಿಕೊಂಡರು. ರಾಜ ಒಪ್ಪಲಿಲ್ಲ. 1757ರ ಮಾರ್ಚ್ 14ರಂದು ಪೋರ್ಟ್ಸ್‌ಮತ್‌ನಲ್ಲಿ, ಹಡಗಿನ ಡೆಕ್ ಮೇಲೆಯೇ ಬಿಂಗ್‌ಗೆ ಗುಂಡು ಹೊಡೆದರು. ಆ ಹೊತ್ತಿಗೆ ಆನ್ಸನ್ ಕುರ್ಚಿಯಲ್ಲಿ ಇರಲಿಲ್ಲ, ನಾಲ್ಕು ತಿಂಗಳಲ್ಲಿ ಮತ್ತೆ ಬಂದು ಕೂತ. ಅವನ ಇಡೀ ವೃತ್ತಿಯಲ್ಲಿ ನಾನು ಕ್ಷಮಿಸಲಾರದ ಭಾಗ ಇದು. ಬೇರೆ ಶಿಕ್ಷೆಯ ಅವಕಾಶವನ್ನು ಪಾರ್ಲಿಮೆಂಟ್ ವಾಪಸ್ ಸೇರಿಸಿದ್ದು 1779ರಲ್ಲಿ.

ಸ್ಕರ್ವಿ ಏನಾಯಿತು ಅಂತ ಹುಡುಗರು ಕೇಳುತ್ತಾರೆ. ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲಿ 12 ರೋಗಿಗಳ ಮೇಲೆ ಬೇರೆ ಬೇರೆ ಮದ್ದು ಪ್ರಯೋಗಿಸಿ ನೋಡಿದ, ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗ ಎದ್ದರು. 1753ರಲ್ಲಿ ಬಂದ ತನ್ನ ಪುಸ್ತಕವನ್ನು ಆನ್ಸನ್‌ಗೇ ಅರ್ಪಿಸಿದ. ಆದರೂ ನಿಂಬೆರಸ ಹಡಗಿನ ರೇಷನ್‌ಗೆ ಬರಲಿಲ್ಲ. ತಪ್ಪು ಪೂರ್ತಿ ಆನ್ಸನ್‌ದಲ್ಲ. ರಸವನ್ನು ಕಾಯಿಸಿ ಗಟ್ಟಿ ಮಾಡಿ ಇಡಿ ಅಂತ ಲಿಂಡ್ ಹೇಳಿದ್ದ, ಹಾಗೆ ಕಾಯಿಸಿದರೆ ಅದರ ಶಕ್ತಿ ಬಹುಪಾಲು ಹೋಗಿಬಿಡುತ್ತದೆ. ಆನ್ಸನ್ ಆಡಳಿತ ಬೇರೆ ದಾರಿ ಹಿಡಿಯಿತು. 1759ರಲ್ಲಿ ಹಾಕ್ ಎಂಬ ಅಡ್ಮಿರಲ್ ಫ್ರಾನ್ಸಿನ ಬ್ರೆಸ್ಟ್ ಬಂದರನ್ನು ತಿಂಗಳುಗಟ್ಟಲೆ ಸುತ್ತುವರಿದು ನಿಂತಾಗ, ಇಂಗ್ಲೆಂಡಿನಿಂದ ಜೀವಂತ ದನ, ತರಕಾರಿ, ಬಿಯರ್ ಹೊತ್ತ ಹಡಗುಗಳು ಸಮುದ್ರದ ನಡುವಿಗೇ ಹೋಗಿ ಇಳಿಸಿ ಬರುತ್ತಿದ್ದವು. ನಾವಿಕರು ಗಟ್ಟಿಯಾಗಿ ಉಳಿದರು, ನವೆಂಬರ್ 20ರಂದು ಕಿಬೆರೋನ್ ಕೊಲ್ಲಿಯಲ್ಲಿ ಬಿರುಗಾಳಿಯ ನಡುವೆಯೇ ಹೊಡೆದಾಡಿ ಗೆದ್ದರು. ಆದರೆ ಈ ಉಪಾಯ ನಡೆಯುವುದು ಊರಿನ ಹತ್ತಿರದ ನೀರಿನಲ್ಲಿ. ದೂರದ ಯಾನಕ್ಕೆ ಹೊರಟವರು ಸಾಯುತ್ತಲೇ ಇದ್ದರು. ಆನ್ಸನ್ 1762ರ ಜೂನ್‌ನಲ್ಲಿ ಅಧಿಕಾರದಲ್ಲಿ ಇರುವಾಗಲೇ ತೀರಿಕೊಂಡ. ಅಡ್ಮಿರಾಲ್ಟಿ ನೌಕಾಪಡೆಗೆ ನಿಂಬೆರಸ ಕೊಡಲು ಒಪ್ಪಿದ್ದು 1795ರಲ್ಲಿ.