ಬೇಳೆ ಕುದಿಯದಿದ್ದರೆ ಯಾರನ್ನು ಕೇಳಬೇಕು?

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಹೆಸರಿಗೇನೂ ಕೊರತೆಯಿಲ್ಲ. ಆದರೂ ಇಲ್ಲಿನ ದಾಲ್‌ಮಿಲ್ಲೊಂದು ತನ್ನದೇ ಪಾಕೀಟಿನಲ್ಲಿ ಬೇಳೆ ಮಾರಲು ಹೊರಟರೆ, ಬಂದ ಗಿರಾಕಿಯನ್ನು ಉಳಿಸಿಕೊಳ್ಳುವ ಚಿಂತೆ ತಪ್ಪಿದ್ದಲ್ಲ. ಅದಕ್ಕೊಂದು ವಾಟ್ಸ್‌ಆ್ಯಪ್ ಗ್ರೂಪು. ಬೆಳಿಗ್ಗೆದ್ದರೆ ಶುಭೋದಯ, ಹಬ್ಬಕ್ಕೊಂದು ಆಫರ್, ನಡುನಡುವೆ ಮಾಲೀಕರ ಫೋಟೊ. ಗಿರಾಕಿಗಳು ಮ್ಯೂಟ್ ಮಾಡದೆ ಇನ್ನೇನು ಮಾಡಿಯಾರು?

ಮಾರುವವನ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜವಿಜ್ಞಾನಿಗಳು 1943ರಲ್ಲೇ ತೋರಿಸಿದ್ದರು. ಅಯೋವಾ ರಾಜ್ಯದ ರೈತರಿಗೆ ಹೈಬ್ರಿಡ್ ಮೆಕ್ಕೆಜೋಳದ ಬೀಜ 1928ರ ಸುಮಾರಿಗೆ ಸಿಗತೊಡಗಿತ್ತು. ಇಳುವರಿ ಹೆಚ್ಚು, ಕಣ್ಣಿಗೆ ಕಾಣುವ ಲಾಭ. ಆದರೂ ಹೆಚ್ಚುಕಡಿಮೆ ಎಲ್ಲ ರೈತರೂ ಅದಕ್ಕೆ ಒಗ್ಗಿಕೊಳ್ಳಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಬೀಜದ ಸುದ್ದಿ ಬಹಳಷ್ಟು ಜನರಿಗೆ ಮೊದಲು ಮುಟ್ಟಿದ್ದು ಕಂಪನಿಯ ಮಾರಾಟಗಾರರಿಂದ. ಬಿತ್ತುವ ಧೈರ್ಯ ಬಂದದ್ದು ಮಾತ್ರ ಪಕ್ಕದ ಹೊಲದವನ ಫಸಲು ನೋಡಿ, ಅವನ ಮಾತು ಕೇಳಿ.

ನಮ್ಮ ಕಡೆಗೂ ಇದು ಹೊಸದಲ್ಲ. ನೆಟೆ ರೋಗಕ್ಕೆ ಜಗ್ಗದ 'ಮಾರುತಿ' ತೊಗರಿ 1986ರಲ್ಲಿ ಕರ್ನಾಟಕದ ರೈತರಿಗೆಂದು ಬಿಡುಗಡೆಯಾಯಿತು. ಗಡಿಯಾಚೆಯ ಮಹಾರಾಷ್ಟ್ರದ ಹೊಲಗಳಿಗೂ ಅದು ಹೋಯಿತು. ನೆಟೆಯ ಶಿಲೀಂಧ್ರ ಮಣ್ಣಲ್ಲೇ ಕುಳಿತು ಬೇರಿನ ಮೂಲಕ ಒಳಹೊಕ್ಕು ನೀರಿನ ದಾರಿ ಕಟ್ಟಿಹಾಕುತ್ತದೆ. ನಿಂತ ಬೆಳೆ ನಿಂತಲ್ಲೇ ಒಣಗುತ್ತದೆ. ಪಕ್ಕದ ಹೊಲ ಮಾತ್ರ ಹಸಿರಾಗಿದ್ದರೆ, ಯಾವ ಬೀಜ ಹಾಕೀರಿ ಎಂದು ಕೇಳದೆ ಮುಂದೆ ಹೋಗುವ ರೈತನುಂಟೇ?

ಈಗ ಮಿಲ್ಲಿನ ಗ್ರೂಪಿಗೆ ಬರೋಣ. ಸೇಡಂ ಕಡೆಯ ಒಬ್ಬಾಕೆ ಬರೆಯುತ್ತಾಳೆನ್ನಿ: "ನಿಮ್ಮ ಬ್ಯಾಳಿ ಕುದೀವಲ್ದು. ಆರು ಸೀಟಿ ಹೊಡಿಸಿದ್ರೂ ಹಂಗೇ ಅದ." ಅಡ್ಮಿನ್‌ನ ಕೈ ಮೊದಲು ಹೋಗುವುದು ಡಿಲೀಟ್ ಗುಂಡಿಗೆ. ಗ್ರೂಪು ಸಾಯುವುದೂ ಅಲ್ಲೇ. ಅವನು ಸುಮ್ಮನಿದ್ದರೆ ಇನ್ನೊಬ್ಬಾಕೆ ಕೇಳಬಹುದು: "ಬೋರಿನ ನೀರ್ ಹಾಕೀರೇನ್ರೀ ಅಕ್ಕಾ? ಫಿಲ್ಟರ್ ನೀರಾಗ ಒಮ್ಮಿ ಇಟ್ಟು ನೋಡ್ರಿ."

ಆಕೆಯ ಸಲಹೆ ವಿಜ್ಞಾನಕ್ಕೂ ಸರಿ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್. ಬಿಸಿಗೆ ಅದು ಸಡಿಲಾದರೆ ಕೋಶಗಳು ಬಿಡಿಯಾಗಿ ಬೇಳೆ ನುಣ್ಣಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳನ್ನು ಇನ್ನಷ್ಟು ಬಿಗಿಯುತ್ತದೆ. ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಸುಣ್ಣದ ಕಲ್ಲಿಗಾಗಿ. ಆ ಕಲ್ಲಿನ ಸಂದಿಯಲ್ಲಿ ಇಳಿದು ಬಂದ ಬೋರಿನ ನೀರಲ್ಲಿ ಕ್ಯಾಲ್ಸಿಯಂ ಇರದೆ ಇದ್ದೀತೇ! ಇದೇ ಮಾತನ್ನು ಮಿಲ್ಲಿನವರೇ ಹೇಳಿದ್ದರೆ, ತಮ್ಮ ತಪ್ಪನ್ನು ನೀರಿನ ಮೇಲೆ ಹಾಕ್ಲಿಕ್ಕತ್ತಾರ ಎಂದು ಗಿರಾಕಿ ಅಂದುಕೊಳ್ಳುತ್ತಿದ್ದಳು.

ಹೀಗೆ ಉತ್ತರ ಕೊಡುವವರು ಎಲ್ಲೆಡೆ ಕಡಿಮೆ. ಅಂತರ್ಜಾಲದ ಸಮುದಾಯಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ಓದುತ್ತಾರೆ, ಒಂಬತ್ತು ಜನ ಆಗೀಗ ಬರೆಯುತ್ತಾರೆ, ಉಳಿದ ಒಬ್ಬರದ್ದೇ ಬಹುಪಾಲು ಮಾತು ಎಂಬ ಸ್ಥೂಲ ಲೆಕ್ಕವನ್ನು ವೆಬ್ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ 2006ರಲ್ಲಿ ಮುಂದಿಟ್ಟರು. ಸಾವಿರ ಜನರ ಗ್ರೂಪಿಗೆ ಹತ್ತು ಜನ. ಅವರು ಯಾರೆಂದು ಮಿಲ್ಲಿಗೆ ಗೊತ್ತಿರಬೇಕು. ಹೊಸ ಬೆಳೆಯ ಬೇಳೆ ಬಂದಾಗ ಮೊದಲು ಅವರ ಮನೆಗೆ ಕೊಟ್ಟು, ಹೇಗಿದೆ ಹೇಳ್ರಿ ಅನ್ನಬಹುದು. ಹೊಗಳಲಿಕ್ಕೆಂದು ದುಡ್ಡು ಕೊಡುವುದು ಮಾತ್ರ, ನನ್ನ ಮಟ್ಟಿಗೆ, ಶುದ್ಧ ದಡ್ಡತನ. ದುಡ್ಡು ಪಡೆದ ನೆರೆಯವಳು ಗುಟ್ಟು ಬಯಲಾದ ದಿನವೇ ಮಾರಾಟಗಾರಳಾಗುತ್ತಾಳೆ.

ನೂರಕ್ಕೆ ತೊಂಬತ್ತರಂತೆ ಬರೀ ಓದುವವರನ್ನು ಮಾತಾಡಿಸಲೆಂದು ರಸಪ್ರಶ್ನೆ, ಲಕ್ಕಿ ಡ್ರಾ ಇಡುವುದೂ ಬೇಕಿಲ್ಲ. ಓದುವವರಿಗೂ ಬೋರಿನ ನೀರಿನ ವಿಷಯ ತಿಳಿದಿರುತ್ತದೆ.

ಎಲ್ಲ ದೂರಿಗೂ ನೀರೇ ಕಾರಣವಲ್ಲ ನೋಡಿ. ಸೆಕೆಯಲ್ಲಿ ಬಹಳ ದಿನ ಇಟ್ಟ ಹಳೆಯ ಬೇಳೆಯೂ ಬೇಗ ಬೇಯುವುದಿಲ್ಲ, ಆಗ ತಪ್ಪು ಗೋದಾಮಿನದು. ಮೂರು ಊರಿನಿಂದ ಅದೇ ದೂರು ಬಂದರೆ ಪಾಕೀಟಿನ ಲಾಟ್ ನಂಬರ್ ಕೇಳಿ ತಾಳೆ ನೋಡಬೇಕು. ಮಾಲು ವಾಪಸ್ ತೊಗೊಂತೀವಿ ಎಂಬ ಮಾತನ್ನು ಒಬ್ಬೊಬ್ಬರಿಗೆ ಗುಟ್ಟಾಗಿ ಫೋನ್ ಮಾಡಿ ಹೇಳುವ ಬದಲು, ದೂರು ಬಂದ ಗ್ರೂಪಿನಲ್ಲೇ ಬರೆಯಬೇಕು.