ಗೇರ್ ಬೀಳದಿದ್ದರೆ ಎಲ್ಲಿಂದ ಹುಡುಕಬೇಕು?

"ಗೇರ್ ಬೀಳುವುದೇ ಇಲ್ಲ ಮಾರಾಯರೇ" ಎಂದು ಕಾರಿನವರು ಬಂದು ನಿಂತರೆ ನಮ್ಮ ಕಣ್ಣು ನೇರವಾಗಿ ಗೇರ್ ಬಾಕ್ಸಿನ ಮೇಲೆ ಹೋಗುತ್ತದೆ. ಉಡುಪಿಯಲ್ಲಿ ಕೆಲಸ ಕಲಿಯಲು ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಆದರೆ ಗೇರ್ ಬಾಕ್ಸ್ ಇಳಿಸುವುದು ಸಣ್ಣ ಕೆಲಸವಲ್ಲ. ಇಳಿಸಿ ಬಿಚ್ಚಿದ ಮೇಲೆ ಒಳಗೆ ಎಲ್ಲ ಸರಿಯಾಗಿದೆ ಎಂದು ತಿಳಿದರೆ ಆ ಕೂಲಿಯನ್ನು ಯಾರಿಂದ ಕೇಳುವುದು? ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಮಾಡಬೇಕಾದ ಪರೀಕ್ಷೆಗಳನ್ನು ನನ್ನಂತೆ ಕಲಿಯುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಒಂದು ಗೇರ್ ತಡೆದರೆ ಕಾರನ್ನು ಅಂಗೈಯಷ್ಟು ದೂರ ತಳ್ಳಿ ಮತ್ತೆ ಹಾಕಬೇಕು; ಹಲ್ಲಿಗೆ ಹಲ್ಲು ಎದುರಾದಾಗ ಹಾಗಾಗುವುದುಂಟು. ಆಫ್ ಇದ್ದಾಗ ಎಲ್ಲವೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ತಪ್ಪು ಹೆಚ್ಚಾಗಿ ಕ್ಲಚ್ಚಿನದು. ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಎಂಜಿನ್ನಿನ ತಿರುಗುವಿಕೆ ಗೇರ್ ಬಾಕ್ಸಿನ ಶಾಫ್ಟ್‌ಗೆ ಇನ್ನೂ ತಲುಪುತ್ತಿದೆ ಎಂದರ್ಥ.

ಇದನ್ನು ಖಚಿತಪಡಿಸಿಕೊಳ್ಳಲು ರಿವರ್ಸ್ ಗೇರ್ ನೆರವಾಗುತ್ತದೆ. ಅನೇಕ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್, ಅಂದರೆ ಗೇರ್ ಬೀಳುವ ಮುನ್ನ ವೇಗಗಳನ್ನು ಹೊಂದಿಸುವ ಭಾಗ, ಇರುವುದಿಲ್ಲ. ಹೀಗಾಗಿ ಕ್ಲಚ್ ತುಳಿದ ಕೂಡಲೇ ಹಾಕಿದರೆ ಕರ್ರೆನ್ನುವುದು ಸಹಜ. ಶಾಫ್ಟ್ ನಿಲ್ಲಲು ಮೂರು ನಾಲ್ಕು ಸೆಕೆಂಡು ಬೇಕು. ಹತ್ತು ಸೆಕೆಂಡು ಕಾದರೂ ಕರ್ರೆನ್ನುತ್ತಿದ್ದರೆ ಶಾಫ್ಟ್ ನಿಂತೇ ಇಲ್ಲ, ಕ್ಲಚ್ ಎಳೆಯುತ್ತಿದೆ.

ಹಾಗೆ ತಿಳಿದ ಮೇಲೂ ಗೇರ್ ಬಾಕ್ಸ್ ಇಳಿಸುವ ಅವಸರ ಬೇಡ. ಮೊದಲು ಪೆಡಲಿನ ಕೆಳಗೆ ಕೈ ಹಾಕಿ ನೋಡಿ. ನಮ್ಮಲ್ಲಿ ಮಳೆಗಾಲದಲ್ಲಿ ಒದ್ದೆ ಕಾಲಿಗೆಂದು ಮ್ಯಾಟಿನ ಮೇಲೆ ಮ್ಯಾಟ್, ಅದರ ಮೇಲೆ ಹಳೆಯ ಪತ್ರಿಕೆ ಹಾಸುತ್ತಾರೆ. ಅಷ್ಟು ದಪ್ಪವೇ ಪೆಡಲ್ ಪೂರ್ತಿ ಇಳಿಯದಂತೆ ತಡೆಯಬಲ್ಲದು. ಕೇಬಲ್ ಕ್ಲಚ್ ಆಗಿದ್ದರೆ ಪೆಡಲಿನ ಸಡಿಲ ಚಲನೆ ಹೆಚ್ಚಾಗಿದೆಯೇ, ಕೇಬಲಿನ ಎಳೆಗಳು ಬಿಚ್ಚಿಕೊಂಡಿವೆಯೇ ಎಂದು ನೋಡಬೇಕು.

ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಪೆಡಲನ್ನು ಎರಡು ಮೂರು ಬಾರಿ ಬೇಗಬೇಗ ತುಳಿದು ಗೇರ್ ಹಾಕಿ. ಆಗ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಹೊರಗೆ ಕಾಣುವಂತಿದ್ದರೆ ಅದರ ರಬ್ಬರ್ ಹೊದಿಕೆಯ ಅಂಚನ್ನು ಬೆರಳಿನಿಂದ ಮೆಲ್ಲನೆ ಎತ್ತಿ. ನಾನು ಮೊದಲ ಬಾರಿ ಎತ್ತಿದಾಗ ಕಡು ಚಹಾದ ಬಣ್ಣದ ದ್ರವ ಉಗುರಿನ ಮೇಲೆ ಇಳಿದಿತ್ತು. ಒಳಗಿನ ಸೀಲ್ ಹೋಗಿದೆ ಎನ್ನಲು ಬೇರೆ ಸಾಕ್ಷಿ ಬೇಕಾಗಲಿಲ್ಲ. ಕ್ಲಚ್ಚಿನಲ್ಲಿ ಸಾಮಾನ್ಯವಾಗಿ ಬಳಸುವ ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಸೀಲನ್ನು ಕೊರೆಯುತ್ತದೆ. ಈ ದ್ರವ ಬಣ್ಣವನ್ನು ತಿನ್ನುತ್ತದೆ. ಕಾರಿನ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ತೇವದ ಇನ್ನೊಂದು ಕೆಲಸವನ್ನು ಕಳೆದ ಸೆಪ್ಟೆಂಬರಿನಲ್ಲಿ ಕಂಡೆ. ಮಾಲೀಕರು ಗಲ್ಫಿನಲ್ಲಿದ್ದ ಕಾರಣ ಕಲ್ಯಾಣಪುರದ ಮನೆಯೊಂದರ ಶೆಡ್ಡಿನಲ್ಲಿ ಕಾರು ಮಳೆಗಾಲವಿಡೀ ನಿಂತೇ ಇತ್ತು. ಪೆಡಲ್ ಸರಿಯಾಗಿತ್ತು, ಸೋರಿಕೆ ಇರಲಿಲ್ಲ, ಆದರೂ ಎಂಜಿನ್ ಓಡುವಾಗ ಒಂದು ಗೇರೂ ಬೀಳುತ್ತಿರಲಿಲ್ಲ. ಕೆಲಸ ಕಲಿಸುವ ಅಣ್ಣ ಎಂಜಿನ್ ಆಫ್ ಮಾಡಿ, ಮೊದಲ ಗೇರ್ ಹಾಕಿ, ಕ್ಲಚ್ ತುಳಿದು ಕುಳಿತು, "ತಳ್ಳು" ಎಂದರು. ನಾವಿಬ್ಬರು ತಳ್ಳಿದರೂ ಕಾರು ಅಲುಗಲಿಲ್ಲ. ತುಳಿದಾಗ ಕ್ಲಚ್ ಎಂಜಿನ್ನಿನಿಂದ ಬೇರ್ಪಟ್ಟಿದ್ದರೆ ಕಾರು ಉರುಳಬೇಕಿತ್ತು. ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂಟಿಕೊಂಡಿತ್ತು. ನನಗೆ ಇಷ್ಟವಾದ ಪರೀಕ್ಷೆ ಇದು, ಉಪಕರಣವೇ ಬೇಡ.

ಇನ್ನು ಸಿಂಕ್ರೊನೈಸರ್. ಉಳಿದ ಎಲ್ಲ ಗೇರ್ ಸರಿಯಿದ್ದು ಎರಡನೆಯದೋ ಮೂರನೆಯದೋ ಒಂದೇ ಕರ್ರೆಂದರೆ ಅನುಮಾನ ಇದರ ಮೇಲೆ. ಗೇರ್ ಮತ್ತು ಶಾಫ್ಟಿನ ವೇಗವನ್ನು ಉಜ್ಜಿ ಒಂದಾಗಿಸುವ ಉಂಗುರ ಸವೆದಿರುತ್ತದೆ. ಮಂಗಳೂರಿನ ಏರುತಗ್ಗುಗಳಲ್ಲಿ, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಮೂರರಿಂದ ಎರಡಕ್ಕೆ ಇಳಿಸುವುದೇ ಹೆಚ್ಚು, ಹಾಗಾಗಿ ಎರಡನೆಯದೇ ಬೇಗ ಸೋಲುತ್ತದೆ. ಪರೀಕ್ಷೆ ಹೀಗೆ: ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ತುಳಿದು ಎರಡಕ್ಕೆ ಹಾಕಿ. ಸದ್ದಿಲ್ಲದೆ ಬಿದ್ದರೆ ಆ ಉಂಗುರದ ಕೆಲಸವನ್ನು ನಿಮ್ಮ ಕಾಲು ಮಾಡಿತು, ಅಂದರೆ ಉಂಗುರ ಹೋಗಿದೆ. ಗೇರ್ ಬಾಕ್ಸ್ ಬಿಚ್ಚಬೇಕಾದದ್ದು ಈಗ.

ಬಿಚ್ಚುವ ಮೊದಲು ಆಯಿಲ್ ಯಾವುದೆಂದು ಕೇಳಿ. ಜಿಎಲ್-4, ಜಿಎಲ್-5 ಎಂಬುವು ಗೇರ್ ಆಯಿಲಿನ ದರ್ಜೆಗಳು; ಜಿಎಲ್-4 ಎಂದಿರುವಲ್ಲಿ ಜಿಎಲ್-5 ಸುರಿದರೆ ಅದರ ರಾಸಾಯನಿಕಗಳು ಹಿತ್ತಾಳೆಯ ಉಂಗುರಕ್ಕೆ ಹಾನಿ ಮಾಡಬಲ್ಲವು. ಬೆಳಿಗ್ಗೆ ಮಾತ್ರ ಗೇರ್ ಗಟ್ಟಿ ಎಂದರೆ ಚಳಿಯನ್ನು ದೂರಬೇಡಿ, ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಆಯಿಲ್ ತೀರಾ ದಪ್ಪದ್ದಾಗಿರಬಹುದು.

ಎಂಜಿನ್ ಆಫ್ ಇದ್ದಾಗಲೂ ಗೇರ್ ಗಟ್ಟಿಯೆನಿಸಿದರೆ ದಾರಿ ಬೇರೆ. ಗೇರ್ ಕೇಬಲನ್ನು ಗೇರ್ ಬಾಕ್ಸಿನ ಕಡೆ ಕಳಚಿ, ಅಲ್ಲಿನ ತೋಳನ್ನು ಕೈಯಿಂದ ಆಡಿಸಿ. ಅದು ಸಲೀಸಾಗಿದ್ದರೆ ತಪ್ಪು ಕೇಬಲಿನಲ್ಲಿ, ಕೀಲಿನ ಬುಷ್‌ನಲ್ಲಿ (ಸವೆಯುವ ಸಣ್ಣ ತೋಳಿನಂಥ ಬಿಲ್ಲೆ) ಅಥವಾ ಲಿವರಿನ ಬುಡದಲ್ಲಿ. ಮಲ್ಪೆ ಕಡೆಯ ಕಾರುಗಳಲ್ಲಿ ಕೇಬಲಿನ ತುದಿಗಳಿಗೆ ಉಪ್ಪುಗಾಳಿಯ ತುಕ್ಕು ಕೂತಿರುವುದನ್ನು ಹಲವು ಬಾರಿ ಕಂಡಿದ್ದೇನೆ.

ಓಡುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಎಂಜಿನ್ ಮೌಂಟ್, ಅಂದರೆ ಎಂಜಿನ್ನನ್ನು ಹಿಡಿದಿಡುವ ಆಧಾರ, ಒಡೆದಿದೆಯೇ ನೋಡಿ, ಆಮೇಲೆ ಗೇರ್ ಬಾಕ್ಸಿನ ಒಳಗೆ ಹೋಗಿ. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದಾಗ ಸದ್ದು ಬಂದರೆ ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್ ಹೋಗಿದೆ. ತುಳಿದಾಗ ನಿಂತು, ಬಿಟ್ಟಾಗ ಬಂದರೆ ಎಂಜಿನ್ನಿನ ತಿರುಗುವಿಕೆಯನ್ನು ಗೇರ್ ಬಾಕ್ಸಿಗೆ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗಿದೆ.