ಸ್ಪಿತಿ ಕಣಿವೆಯ ನೀರು, ಹೊಲ ಮತ್ತು ಮನೆತನ: ಒಂದು ಅಧ್ಯಯನ ಟಿಪ್ಪಣಿ

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಗೆ ಸೇರಿದ ಸ್ಪಿತಿ ಕಣಿವೆಯ ಬಗ್ಗೆ ಓದಲು ಹೊರಟವರು ಸಾಮಾನ್ಯವಾಗಿ ಅಲ್ಲಿನ ಬೌದ್ಧ ವಿಹಾರಗಳಿಂದ ಆರಂಭಿಸುತ್ತಾರೆ. ನೀರಿನಿಂದ ಆರಂಭಿಸುವುದೇ ಸರಿಯೆಂದು ನನಗೆ ಅನ್ನಿಸುತ್ತದೆ. ಹೊಲ ಎಷ್ಟು ದೊಡ್ಡದಿರಬೇಕು, ಊರಿನಲ್ಲಿ ಎಷ್ಟು ಮನೆಗಳಿರಬೇಕು, ಮನೆಯ ಯಾವ ಮಗ ಬೇಸಾಯಕ್ಕೆ ಉಳಿಯಬೇಕು, ಯಾವ ಮಗ ವಿಹಾರ ಸೇರಬೇಕು ಎಂಬ ಪ್ರಶ್ನೆಗಳೆಲ್ಲ ಅಲ್ಲಿ ನೀರಿನ ಲೆಕ್ಕಕ್ಕೆ ಕಟ್ಟುಬಿದ್ದಿದ್ದವು. ಪ್ರವಾಸಕ್ಕೆ ಹೋಗುವವರೂ ಈ ಲೆಕ್ಕವನ್ನು ತಿಳಿದು ಹೋದರೆ, ಕಣ್ಣಿಗೆ ಬಂಜರಾಗಿ ಕಾಣುವ ಆ ಬೆಟ್ಟಗಳ ನಡುವೆ ಊರುಗಳು ಇರುವ ಜಾಗದಲ್ಲೇ ಏಕೆ ಇವೆ ಎಂಬುದು ಅರ್ಥವಾಗುತ್ತದೆ.

ಮುಂಗಾರಿನ ಮೋಡಗಳನ್ನು ದಕ್ಷಿಣದ ಪರ್ವತಸಾಲುಗಳು ತಡೆಯುವುದರಿಂದ ಸ್ಪಿತಿ ಮಳೆನೆರಳಿನ ಪ್ರದೇಶವಾಗಿದೆ. ಬೇಸಿಗೆಯಲ್ಲಿ ಮಳೆ ಅತ್ಯಲ್ಪ. ಬೆಳೆಗೆ ಬೇಕಾದ ನೀರು ಚಳಿಗಾಲದ ಹಿಮ ಕರಗಿಯೇ ಬರಬೇಕು. ಸ್ಪಿತಿ ನದಿ ಕಣಿವೆಯ ತಳದಲ್ಲಿ ಆಳವಾಗಿ ಹರಿಯುವುದರಿಂದ, ಎತ್ತರದ ಮೆಟ್ಟಿಲು ಹೊಲಗಳಿಗೆ ಅದರ ನೀರು ಒದಗುವುದಿಲ್ಲ. ಆದ್ದರಿಂದ ಜನರು ಹಿಮನದಿ ಮತ್ತು ಹಿಮತೊರೆಗಳ ಬುಡದಿಂದ ಬೆಟ್ಟದ ಇಳಿಜಾರಿನುದ್ದಕ್ಕೂ ಕಾಲುವೆ ತೋಡಿ ನೀರನ್ನು ಊರಿಗೆ ತರುತ್ತಾರೆ. ಇದಕ್ಕೆ ‘ಕೂಲ್’ ಎಂದು ಹೆಸರು. ಕಾಲುವೆ ಊರಿನ ಮೇಲ್ಭಾಗದ ಒಂದು ಕೆರೆಯಲ್ಲಿ ಕೊನೆಗೊಳ್ಳುತ್ತದೆ. ಸಂಜೆ ಕೆರೆಯ ತೂಬು ಮುಚ್ಚಿದರೆ ರಾತ್ರಿಯಿಡೀ ನೀರು ತುಂಬುತ್ತದೆ. ಬೆಳಿಗ್ಗೆ ತೂಬು ತೆರೆದು ಸರದಿಯಂತೆ ಹೊಲಗಳಿಗೆ ಬಿಡಲಾಗುತ್ತದೆ. ವಸಂತದಲ್ಲಿ ಕಾಲುವೆಯೊಳಗೆ ಬಿದ್ದ ಕಲ್ಲುಮಣ್ಣನ್ನು ಎತ್ತದಿದ್ದರೆ ಇಡೀ ಊರಿನ ಬಿತ್ತನೆ ನಿಂತುಹೋಗುವುದರಿಂದ, ಈ ಕೆಲಸ ಯಾವುದೋ ಒಂದು ಮನೆಯ ಕೆಲಸವಾಗಿ ಉಳಿಯುವುದು ಸಾಧ್ಯವೇ ಇಲ್ಲ.

ಸರದಿ ಎಂದಾಕ್ಷಣ ಅದು ಸಮಾನ ಹಂಚಿಕೆಯೆಂದು ಭಾವಿಸಬಾರದು. ನೀರಿನ ಮೊದಲ ಹಕ್ಕು ಊರಿನ ಮೂಲ ಒಕ್ಕಲುಗಳಾದ ‘ದೊಡ್ಡ ಮನೆ’ಗಳದ್ದಾಗಿತ್ತು. ದೊಡ್ಡ ಮನೆಯ ಹೊಲ ಭಾಗವಾಗುತ್ತಿರಲಿಲ್ಲ. ಹಿರಿಯ ಮಗ ಮದುವೆಯಾಗಿ ಮನೆ ಮತ್ತು ಜಮೀನಿನ ಯಜಮಾನಿಕೆಯನ್ನು ವಹಿಸಿಕೊಂಡರೆ, ತಂದೆತಾಯಿ ಪಕ್ಕದ ಚಿಕ್ಕ ಮನೆಗೆ ಹೋಗುತ್ತಿದ್ದರು. ಕಿರಿಯ ಗಂಡುಮಕ್ಕಳು ಚಿಕ್ಕಂದಿನಲ್ಲೇ ವಿಹಾರ ಸೇರುತ್ತಿದ್ದರು. ದೊಡ್ಡ ಮನೆಯನ್ನು ಅಲ್ಲಿ ‘ಖಾಂಗ್‌ಚೆನ್’ ಎಂದೂ ಚಿಕ್ಕ ಮನೆಯನ್ನು ‘ಖಾಂಗ್‌ಚುಂಗ್’ ಎಂದೂ ಕರೆಯುತ್ತಾರೆ. ಸ್ಪಿತಿಯ ಕೀ ಎಂಬ ವಿಹಾರದಲ್ಲಿ ಸಾಲಾಗಿ ಕುಳಿತು ಮಂತ್ರ ಪಠಿಸುವ ಭಿಕ್ಷುಗಳನ್ನು ಕಂಡಾಗ ಅದರ ಹಿಂದೆ ಶ್ರದ್ಧೆಯೊಂದೇ ಇಲ್ಲ, ಬಾರ್ಲಿ ಹೊಲವನ್ನು ತುಂಡಾಗದಂತೆ ಕಾಪಾಡಿದ ಕುಟುಂಬಪದ್ಧತಿಯೂ ಇದೆ ಎಂಬುದನ್ನು ನೆನಪಿಡಬೇಕು. ಸ್ಪಿತಿಯ ಉಪಕಣಿವೆಯಾದ ಪಿನ್ ಕಣಿವೆಯಲ್ಲಿ ಮಾತ್ರ ಚಿತ್ರ ಸ್ವಲ್ಪ ಬೇರೆ: ಅಲ್ಲಿ ಟಿಬೆಟಿಯನ್ ಬೌದ್ಧಧರ್ಮದ ನ್ಯಿಂಗ್ಮಾ ಪಂಥದವರೇ ಹೆಚ್ಚು, ಮತ್ತು ಕಲ್ಲು ಒಡೆಯುವ ಆಚರಣೆಗೆ ಹೆಸರಾದ ‘ಬುಚೆನ್’ ಲಾಮಾಗಳು ಸಂಸಾರಸ್ಥರು.

ಈ ಪದ್ಧತಿಯನ್ನು ಹೊಗಳಿ ಸುಮ್ಮನಾಗುವುದು ಅಪೂರ್ಣ ಓದು. ರೂಢಿಯ ಪ್ರಕಾರ ಹೆಣ್ಣುಮಕ್ಕಳಿಗೆ ತವರಿನ ಭೂಮಿಯಲ್ಲಿ ಪಾಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು, ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಬೇರೆ ರೀತಿ ನಿರ್ದೇಶಿಸದ ಹೊರತು, ಸ್ಪಿತಿಯ ಜನ ಸೇರಿರುವ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ರೂಢಿಯೇ ಅಲ್ಲಿ ಕಾನೂನಾಗಿ ಉಳಿದಿದೆ. ಹೊಲ ಒಡೆಯದೆ ಉಳಿದುದರ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ನಾವು ಓದುವಾಗಲೆಲ್ಲ ಕೇಳಿಕೊಳ್ಳಬೇಕು.

ವರ್ಷಕ್ಕೆ ಒಂದೇ ಬೆಳೆ. ಹಿಂದೆ ಬಾರ್ಲಿ ಮತ್ತು ಅಲ್ಲಿನ ಕಪ್ಪು ಬಟಾಣಿ ಮುಖ್ಯವಾಗಿದ್ದವು. ಈಗ ಹಸಿರು ಬಟಾಣಿಯೇ ಹಣ ತರುವ ಬೆಳೆ. ಬಯಲುಸೀಮೆಯ ಬಿಸಿಲಿನಲ್ಲಿ ಬಟಾಣಿ ಬೆಳೆಯಲಾಗದ ತಿಂಗಳುಗಳಲ್ಲಿ ಸ್ಪಿತಿಯ ಫಸಲು ಮಾರುಕಟ್ಟೆಗೆ ಬರುವುದರಿಂದ ಅದಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ. ಆದರೆ ಹಿಮ ಕಡಿಮೆ ಬಿದ್ದ ವರ್ಷ ಕೂಲ್ ಬೇಗ ಬತ್ತುತ್ತದೆ, ಆಗ ನಷ್ಟವೂ ಅಷ್ಟೇ ದೊಡ್ಡದು.

ಮನೆಯ ರಚನೆಯನ್ನು ಹತ್ತಿರದಿಂದ ನೋಡಿದರೆ ಇದೇ ಮಿತವ್ಯಯ ಕಾಣುತ್ತದೆ. ಗೋಡೆ ಮಣ್ಣಿನದು, ಮಾಳಿಗೆ ಸಮತಟ್ಟು. ಕೆಳಗಿನ ಅಂತಸ್ತಿನಲ್ಲಿ ದನಕರು, ಮೇಲೆ ಜನ. ಮಾಳಿಗೆಯ ಅಂಚಿನಲ್ಲಿ ಒಣಹುಲ್ಲು ಮತ್ತು ಸೌದೆಯ ರಾಶಿ. ಶೌಚಾಲಯದ್ದೇ ಒಂದು ಪಾಠ. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಒಣಮಣ್ಣಿನ ಗುಡ್ಡೆ ಮತ್ತು ಸಲಿಕೆ. ಬಳಸಿದ ಮೇಲೆ ಮಣ್ಣನ್ನು ಕೆಳಕ್ಕೆ ತಳ್ಳಬೇಕು, ನೀರು ಸುರಿಯಬಾರದು. ಕೆಳಗಿನ ಕೋಣೆಯಲ್ಲಿ ಕಳಿತ ಗೊಬ್ಬರ ವಸಂತದಲ್ಲಿ ಹೊಲ ಸೇರುತ್ತದೆ. ಸಗಣಿಯ ಬಹುಪಾಲು ಒಲೆಗೆ ಹೋಗುವ ಊರಿನಲ್ಲಿ ಈ ಗೊಬ್ಬರಕ್ಕೆ ಬದಲಿಯಿಲ್ಲ. ಪ್ರವಾಸಿಗಳು ಕೇಳುತ್ತಾರೆಂದು ಸ್ಪಿತಿಯ ಮುಖ್ಯ ಪಟ್ಟಣವಾದ ಕಾಜಾದಂಥ ಕಡೆ ಫ್ಲಶ್ ಶೌಚಾಲಯ ಕಟ್ಟಿದಾಗ ಕುಡಿಯುವ ನೀರೂ ಖರ್ಚಾಗುತ್ತದೆ, ಹೊಲಕ್ಕೆ ಗೊಬ್ಬರವೂ ತಪ್ಪುತ್ತದೆ. ಹೋಂಸ್ಟೇಯಲ್ಲಿ ಉಳಿಯುವವರು ಒಣ ಶೌಚಾಲಯವನ್ನೇ ಬಳಸಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ತಾಬೊ ವಿಹಾರವೂ ಇದೇ ಮಣ್ಣಿನದು. 996ರಲ್ಲಿ ಸ್ಥಾಪನೆಯಾದ ಈ ವಿಹಾರದ ಒಳಗೋಡೆಯ ಚಿತ್ರಗಳು ಸಾವಿರ ವರ್ಷ ಉಳಿದುದರಲ್ಲಿ ಒಣಹವೆಯ ಪಾತ್ರ ದೊಡ್ಡದು. 1975ರ ಕಿನ್ನೌರ್ ಭೂಕಂಪದಲ್ಲಿ ಅದಕ್ಕೆ ಹಾನಿಯಾಯಿತು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಟಾರ್ಚ್ ಹಿಡಿದು ನಿಧಾನವಾಗಿ ನೋಡಬೇಕು.

ದಾರಿಯ ಆಯ್ಕೆಯನ್ನು ದೇಹದ ದೃಷ್ಟಿಯಿಂದ ಮಾಡಬೇಕು. ಮನಾಲಿಯಿಂದ ಹೊರಟರೆ ಸುಮಾರು 2,000 ಮೀಟರಿನಿಂದ 4,500 ಮೀಟರಿಗೂ ಎತ್ತರದ ಕುಂಜುಮ್ ಘಾಟಿಯನ್ನು ಒಂದೇ ದಿನದಲ್ಲಿ ಹತ್ತಿ, ಸುಮಾರು 3,650 ಮೀಟರ್ ಎತ್ತರದ ಕಾಜಾದಲ್ಲಿ ಮಲಗಬೇಕಾಗುತ್ತದೆ. 4,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ಬೆಂಗಳೂರಿನಿಂದ ವಿಮಾನದಲ್ಲಿ ಚಂಡೀಗಡಕ್ಕೆ ಹೋಗಿ ಅವಸರದಲ್ಲಿ ಮೇಲೇರುವವರಿಗೆ ತಲೆನೋವು, ವಾಂತಿ, ನಿದ್ರೆಗೇಡು ಕಾಡುವುದು ಇದರಿಂದಲೇ. ಶಿಮ್ಲಾ, ಕಿನ್ನೌರ್, ನಾಕೊ, ತಾಬೊ ಮಾರ್ಗ ಉದ್ದವಾದರೂ ಎತ್ತರಕ್ಕೆ ಹಂತಹಂತವಾಗಿ ಒಗ್ಗಿಸುತ್ತದೆ. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಅಟಲ್ ಸುರಂಗ ಲಾಹೌಲಿಗೆ ವರ್ಷಪೂರ್ತಿ ದಾರಿ ತೆರೆದಿದೆ. ಆದರೆ ಕುಂಜುಮ್ ಚಳಿಗಾಲದಲ್ಲಿ ಹಿಮದಿಂದ ಮುಚ್ಚುತ್ತದೆಯಾದ್ದರಿಂದ, ಆ ತಿಂಗಳುಗಳಲ್ಲಿ ಸ್ಪಿತಿಗೆ ಕಿನ್ನೌರಿನ ದಾರಿಯೊಂದೇ ಗತಿ.

ಕನ್ನಡದ ಓದುಗರಿಗೆ ಸ್ಪಿತಿಯ ಕಿಬ್ಬರ್ ಊರಿನ ಪ್ರಸಂಗ ಹತ್ತಿರದ್ದು, ಏಕೆಂದರೆ ಅಲ್ಲಿ ವನ್ಯಜೀವಿ ಸಂರಕ್ಷಣೆಯ ಕೆಲಸ ಮಾಡುತ್ತಿರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಮೈಸೂರಿನ ಸಂಸ್ಥೆ. ಹಿಮಚಿರತೆ ದನಕರುಗಳನ್ನು ಕೊಂದಾಗ ನಷ್ಟ ಇಡೀ ಮನೆಯದ್ದು. ಹುಲ್ಲುಗಾವಲನ್ನು ಜಾನುವಾರುಗಳೇ ಮೇಯ್ದರೆ ಹಿಮಚಿರತೆಯ ಸಹಜ ಬೇಟೆಯಾದ ನೀಲಿಕುರಿ ಎಂಬ ಕಾಡುಪ್ರಾಣಿಗೆ ಮೇವಿಲ್ಲ. ಊರವರು ಹುಲ್ಲುಗಾವಲಿನ ಒಂದು ಭಾಗವನ್ನು ಮೇಯಿಸದೆ ಬಿಟ್ಟರು, ಜಾನುವಾರುಗಳಿಗೆ ಊರಿನ ಮಟ್ಟದಲ್ಲೇ ವಿಮೆಯ ವ್ಯವಸ್ಥೆ ಮಾಡಿಕೊಂಡರು. ಕಾಲುವೆಯ ಸರದಿಯನ್ನು ತಲೆಮಾರುಗಳಿಂದ ತಾವೇ ನಡೆಸಿಕೊಂಡು ಬಂದವರಿಗೆ ಇಂಥ ಒಪ್ಪಂದ ಹೊಸದಾಗಿ ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ ಎಂಬುದು ನನ್ನ ಊಹೆ. ಮುಂದಿನ ಓದಿನಲ್ಲಿ ಪರೀಕ್ಷಿಸಬೇಕಾದ ಊಹೆಯೂ ಇದೇ.